ಪಂಪು ಯಾರ ಕೈಯಲ್ಲಿದೆ?

ಜನವರಿ 9

ಚಿಲ್ಲರೆಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಸಲಿಗೆ ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ತಿಳಿಯದು. ಬೇರೆ ಹೇಗೆ ಕರೆಯಬೇಕೆಂದೂ ಹೊಳೆಯಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ದುಡಿದೆವು. ನಾನು ಡ್ರೈವರು, ನೀನು ಕಂಡಕ್ಟರು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ನಿನ್ನ ವಿಳಾಸವನ್ನು ಡಿಪೋದ ಪಿಂಚಣಿ ಗುಮಾಸ್ತರ ಹತ್ತಿರ ಇಸಕೊಂಡೆ. ಚೀಟಿ ಕೊಡುತ್ತಾ ಅವರು, "ಏನ್ರೀ, ಕೊನೆಗೂ ರಾಜಿ ಆಯ್ತಾ?" ಅಂದರು. ನಾನು ಕೇಳಿಸದವನ ಹಾಗೆ ಹೊರಗೆ ಬಂದೆ.

ನೇರ ವಿಷಯಕ್ಕೆ ಬರುತ್ತೇನೆ. ನನ್ನವಳು, ನಿನ್ನ ಅತ್ತಿಗೆ, ಡಿಸೆಂಬರಿನಲ್ಲಿ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಎರಡು ವರ್ಷದಿಂದ ಕೆಮ್ಮುತ್ತಿದ್ದಳು, ವಯಸ್ಸಾಯಿತು ಅಂದುಕೊಂಡಿದ್ದೆವು. ಒಂದು ಬೆಳಿಗ್ಗೆ ಬಚ್ಚಲಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ಕುಸಿದಳು. ಡಾಕ್ಟರು ಹೇಳಿದ ಕಾಯಿಲೆಯ ಹೆಸರು ನಮ್ಮ ಬಸ್ಸಿನ ಬೋರ್ಡಿಗಿಂತ ಉದ್ದವಿದೆ. ಶ್ವಾಸಕೋಶದ ಕೊಳವೆಗಳು ಕಿರಿದಾಗಿವೆಯಂತೆ. ಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಂಡು ಬದುಕಬಹುದು ಅಂದರು.

"ಅವಳು ಸಿಗರೇಟು ಮುಟ್ಟಿದೋಳೇ ಅಲ್ಲ ಡಾಕ್ಟ್ರೇ" ಎಂದೆ.

"ಸೌದೆ ಒಲೆ ಮುಂದೆ ಎಷ್ಟು ವರ್ಷ ಇದ್ರು?" ಎಂದು ಕೇಳಿದರು.

ಡಿಪೋದ ಕ್ಯಾಂಟೀನಿನಲ್ಲಿ ಇಪ್ಪತ್ತಾರು ವರ್ಷ. ಬೆಳಗಿನ ಚಹಾಕ್ಕೆ ನಾವೆಲ್ಲ ಆ ಕಿಟಕಿಗೆ ಕೈಯೊಡ್ಡಿ ನಿಲ್ಲುತ್ತಿದ್ದೆವಲ್ಲ, ಒಳಗೆ ಹೊಗೆ ಎಷ್ಟಿದೆಯೆಂದು ಒಬ್ಬನಾದರೂ ಬಗ್ಗಿ ನೋಡಿದ್ದೆವೇ?

ನಿನಗೂ ಇದೇ ಕಾಯಿಲೆಯೆಂದು ಡಿಪೋದವರಿಂದ ಕೇಳಿದ್ದೆ. ನೀನು ಇಷ್ಟು ವರ್ಷ ಅದರ ಜೊತೆ ಬದುಕಿದ್ದೀಯ. ಹೇಗೆ ಅಂತ ಬರಿ. ನನಗೋಸ್ಕರ ಬೇಡ, ಅವಳಿಗೋಸ್ಕರ. ಹಳೆಯದನ್ನು ಕೆದಕುವುದು ಬೇಡ. ಕೆಳಗೆ ಫೋನ್ ನಂಬರು ಬರೆದಿದ್ದೇನೆ.

ಇಂತಿ,
ಬ್ರೇಕು


ಫೆಬ್ರವರಿ 2

ಡ್ರೈವರ್ ಸಾಹೇಬರಿಗೆ,

ತಮ್ಮ ಪತ್ರ ತಲುಪಿ ಮೂರು ವಾರವಾಯಿತು. ಅತ್ತಿಗೆಯ ಸಮಾಚಾರ ಓದಿ ಮನಸ್ಸಿಗೆ ಕಷ್ಟವಾಯಿತು. ಫೋನಿನಲ್ಲಿ ನಾಲ್ಕು ಮಾತಾಡಿದರೆ ಐದನೆಯದಕ್ಕೆ ನನಗೆ ಉಸಿರು ಉಳಿಯುವುದಿಲ್ಲ. ಬರೆಯುವಾಗ ನಿಂತು ನಿಂತು ಬರೆಯಬಹುದು, ಯಾರೂ ಕಾಯುವುದಿಲ್ಲ. ಆದ್ದರಿಂದ ಕಾಗದ.

ನಾನು ಹೇಗೆ ಬದುಕಿದ್ದೇನೆ ಎಂದು ತಮಗೆ ಬರೆಯುವಷ್ಟು ಬಳಕೆ ನಮ್ಮ ನಡುವೆ ಉಳಿದಿಲ್ಲ. ಮೂರು ಪ್ರಶ್ನೆ ಕೇಳುತ್ತೇನೆ, ಅಷ್ಟೇ. ಅತ್ತಿಗೆಗೆ ಬಾಯಿಂದ ಎಳೆದುಕೊಳ್ಳುವ ಔಷಧಿಯ ಪಂಪು ಕೊಟ್ಟಿರುತ್ತಾರೆ, ಅದನ್ನು ಒತ್ತುವವರು ಯಾರು? ದಿನಕ್ಕೆ ಅವರು ಎಷ್ಟು ದೂರ ನಡೆಯುತ್ತಾರೆ? ಮನೆಯಲ್ಲಿ ಈಗ ಚಹಾ ಯಾರು ಮಾಡುತ್ತಾರೆ?

ಇಂತಿ ತಮ್ಮ,
ನಿವೃತ್ತ ಕಂಡಕ್ಟರ್


ಫೆಬ್ರವರಿ 14

ಚಿಲ್ಲರೆ,

ನೀನು ನನಗೆ 'ತಾವು' ಅಂದದ್ದನ್ನು ಎರಡು ಸಲ ಓದಿದೆ. ಇರಲಿ, ಅದಕ್ಕೆ ನಾನು ಅರ್ಹನೇ.

ಮೂರಕ್ಕೂ ಉತ್ತರ ಒಂದೇ. ಎಲ್ಲ ನಾನೇ. ಪಂಪು ನಾನೇ ಒತ್ತುತ್ತೇನೆ. ಬೆಳಿಗ್ಗೆ ಎಂಟಕ್ಕೆ, ಸಂಜೆ ಎಂಟಕ್ಕೆ, ಒಂದು ನಿಮಿಷ ಆಚೀಚೆ ಇಲ್ಲ. ಚಹಾ ನಾನೇ ಮಾಡುತ್ತೇನೆ. ಮಂಚವನ್ನು ಹಜಾರಕ್ಕೆ ತಂದು ಹಾಕಿದ್ದೇನೆ. ಬಚ್ಚಲಿಗೆ ಕೈಹಿಡಿದು ಕರೆದೊಯ್ಯುತ್ತೇನೆ, ತಲೆಯನ್ನೂ ನಾನೇ ಬಾಚುತ್ತೇನೆ. ನಡೆಯುವುದಂತೂ ದೂರದ ಮಾತು. ಎರಡು ಹೆಜ್ಜೆ ಇಟ್ಟರೆ ಅವಳ ಭುಜ ಏರಿಳಿಯುವುದನ್ನು ನೋಡಲು ನನ್ನಿಂದಾಗದು. "ನೀನು ಸುಮ್ನೆ ಕೂತಿರು, ನಾನಿಲ್ವಾ" ಅನ್ನುತ್ತೇನೆ. ಅವಳು ಕೂತಿರುತ್ತಾಳೆ.

ಇಷ್ಟೆಲ್ಲ ಮಾಡಿದರೂ ದಿನದಿಂದ ದಿನಕ್ಕೆ ಇಳಿಯುತ್ತಿದ್ದಾಳೆ. ಮಾತೂ ಕಡಿಮೆಯಾಗಿದೆ. ನಿನಗೆ ಗೊತ್ತಲ್ಲ, ಕ್ಯಾಂಟೀನಿನ ಆ ಗದ್ದಲದಲ್ಲಿ ಮೂವತ್ತು ಜನ ಡ್ರೈವರುಗಳನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸುತ್ತಿದ್ದ ಹೆಂಗಸು ಅವಳು.

ಈಗೀಗ ಹಳೆಯದು ಬಹಳ ನೆನಪಾಗುತ್ತದೆ. ಆರು ನಲವತ್ತರ ಬಸ್ಸು. ಮಂಜಿನಲ್ಲಿ ಹೆಡ್‌ಲೈಟ್ ಬಿಟ್ಟುಕೊಂಡು ಬೆಟ್ಟ ಏರುವಾಗ ಹಿಂದಿನಿಂದ ನಿನ್ನ "ರೈಟ್, ರೈಟ್!" ಕೇಳಿದರೆ ರಸ್ತೆ ಕಾಣದಿದ್ದರೂ ಧೈರ್ಯ ಬರುತ್ತಿತ್ತು. ಉತ್ತರಪತ್ರಿಕೆ ತಿದ್ದುತ್ತಲೇ ಇಳಿಯುವ ಸ್ಟಾಪು ದಾಟಿಬಿಡುತ್ತಿದ್ದ ಮೇಡಮ್ಮು. ಅರ್ಧ ಟಿಕೆಟ್ಟಿನ ಆ ಹುಡುಗಿ, ನಾಲ್ಕು ವರ್ಷ ಅವಳಿಗೆ ಒಂಬತ್ತೇ ವಯಸ್ಸು. "ಪುಟ್ಟಿ, ಬರೋ ವರ್ಷ ನೀನು ಎಂಟಕ್ಕೆ ಇಳೀಬೇಡ ಮತ್ತೆ" ಎಂದು ನೀನು ಅಂದಾಗ ಇಡೀ ಬಸ್ಸು ನಕ್ಕಿತ್ತು, ನಾನು ನಗುವುದಕ್ಕಾಗಿ ಗಾಡಿಯನ್ನು ಪಕ್ಕಕ್ಕೆ ಹಾಕಿದ್ದೆ.

ಏನು ಮಾಡಬೇಕು ಹೇಳು.

ನಿನ್ನ,
ಬ್ರೇಕು


ಮಾರ್ಚ್ 1

ಅಯ್ಯಾ ಬ್ರೇಕೂ,

ಮರ್ಯಾದೆ ಕೊಟ್ಟು ಬರೆಯಬೇಕೆಂದು ಕೂತೆ, ಆಗಲಿಲ್ಲ. ಅತ್ತಿಗೆಯ ಬಾಯಿಗೆ ನೀನ್ಯಾಕೋ ಹಾರ್ನ್ ಹೊಡೆಯುತ್ತೀಯ? ಪಂಪನ್ನು ನೀನು ಒತ್ತುವ ಕ್ಷಣಕ್ಕೂ ಅವರು ಉಸಿರೆಳೆಯುವ ಕ್ಷಣಕ್ಕೂ ಹೊಂದದಿದ್ದರೆ ಔಷಧಿಯೆಲ್ಲ ನಾಲಿಗೆಯ ಮೇಲೆ ಕೂರುತ್ತದೆ, ಎದೆಗೆ ಇಳಿಯುವುದಿಲ್ಲ. ಅವರ ಉಸಿರು ಅವರಿಗೆ ತಾನೇ ಗೊತ್ತು? ಪಂಪಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ತಂದು ಅವರ ಕೈಗೆ ಕೊಡು. ಪಂಪು ಅಲ್ಲಾಡಿಸಿ, ಪೂರ್ತಿ ಉಸಿರು ಬಿಟ್ಟು, ತಾವೇ ಒತ್ತಿ, ನಿಧಾನಕ್ಕೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದುಕೊಳ್ಳಲಿ. ಆಮೇಲೆ ಬಾಯಿ ಮುಕ್ಕಳಿಸಲಿ. ಸರಿಯಾಗಿ ಬಂತೇ ಅಂತ ಅಲ್ಲಿನ ಆಸ್ಪತ್ರೆಯ ನರ್ಸಿನ ಎದುರು ಒಂದು ಸಲ ಮಾಡಿ ತೋರಿಸಲಿ.

ಇನ್ನು ಕೂರಿಸುವ ವಿಷಯ. ಉಸಿರಾಟ ಕಷ್ಟವೆಂದು ಕೂತರೆ ಕಾಲಿನ ಶಕ್ತಿ ಹೋಗುತ್ತದೆ. ಶಕ್ತಿಯಿಲ್ಲದ ಕಾಲು ಎರಡೇ ಹೆಜ್ಜೆಗೆ ಇನ್ನಷ್ಟು ಉಸಿರು ಕೇಳುತ್ತದೆ. ಮತ್ತೆ ಕೂರುತ್ತೇವೆ. ಹೀಗೇ ಕೂತು ಕೂತು ನಾನು ಒಂದು ವರ್ಷದಲ್ಲಿ ಕೋಲು ಹಿಡಿದಿದ್ದೆ. ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ನಮ್ಮಂಥವರಿಗೆ ತರಗತಿ ನಡೆಸುವ ನರ್ಸಮ್ಮ ಒಬ್ಬರಿದ್ದರು. ಅವರು ನನ್ನನ್ನು ಎಬ್ಬಿಸಿ ನಡೆಸಿದರು. "ದಮ್ಮು ಬರ್ಲಿ ಯಜಮಾನ್ರೇ, ದಮ್ಮು ಬಂದ್ರೆ ಏನೂ ಆಗಲ್ಲ. ನಿಂತ್ಕೊಳ್ಳಿ, ತುಟಿ ಮುಂದೆ ಮಾಡಿ ಬಿಸಿ ಚಹಾ ಆರಿಸೋ ಹಾಗೆ ಉಸಿರು ಬಿಡಿ, ಆಮೇಲೆ ಮತ್ತೆ ನಡೀರಿ" ಅನ್ನುತ್ತಿದ್ದರು. ಹೆದರಿಕೆಯೇ ಅರ್ಧ ಉಸಿರು ತಿನ್ನುತ್ತದೆ ಅಂತ ನನಗೆ ಗೊತ್ತಾಗಿದ್ದು ಅಲ್ಲಿ.

ಆ ತರಗತಿಗೆ ಸೇರುವ ಮೊದಲು ನಾನು ಎಲ್ಲಿದ್ದೆ ಗೊತ್ತಾ? ಡಿಪೋದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನಿನ ಕೋಣೆಯಲ್ಲಿ. ಕಿಟಕಿ ಇಲ್ಲ. ಗೋಡೆಗೆ ಇನ್ನೂರು ಕೊಡೆ, ಒಂಟಿ ಚಪ್ಪಲಿಗಳು, ಯಾರದೋ ಹಲ್ಲಿನ ಸೆಟ್ಟು. ಅವುಗಳ ಜೊತೆ ನಾನೂ ಒಂದು ಬಿಟ್ಟುಹೋದ ಸಾಮಾನು. ನನ್ನನ್ನು ಅಲ್ಲಿಗೆ ಹಾಕಿಸಿದವನು ನೀನು. ಹಳೆಯದನ್ನು ಕೆದಕಬೇಡ ಅಂದೆಯಲ್ಲ, ಕೆದಕುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಡಿಪೋಕ್ಕೆ ಬಂದರೆ ನಮ್ಮ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಬೇರೊಬ್ಬ ನಿಂತಿದ್ದ, ಟಿಕೆಟ್ ಚೀಲ ಅವನ ಹೆಗಲಲ್ಲಿತ್ತು. "ನಿಮಗೆ ಹುಷಾರಿಲ್ಲ ಅಂತ ನಿಮ್ಮ ಡ್ರೈವರೇ ಮ್ಯಾನೇಜರಿಗೆ ಹೇಳಿದ್ರಂತೆ" ಎಂದ. ನೀನು ಗಾಜಿನ ಹಿಂದೆ ಕೂತು ನೇರ ರಸ್ತೆ ನೋಡುತ್ತಿದ್ದೆ. ಹತ್ತೊಂಬತ್ತು ವರ್ಷ ನನ್ನ ಒಂದು ರೈಟ್ ಇಲ್ಲದೆ ಗಾಡಿ ಎತ್ತದವನು, ಅವತ್ತು ಎತ್ತಿಕೊಂಡು ಹೋದೆ.

ನೀನು ಅತ್ತಿಗೆಗೆ ಈಗ ಮಾಡುತ್ತಿರುವುದೂ ಅದೇ. ಒಂದು ಮಾತು ಕೇಳದೆ ಅವರನ್ನು ಬಸ್ಸಿನಿಂದ ಇಳಿಸಿಬಿಟ್ಟಿದ್ದೀಯ.

ದಮ್ಮು ಬಂತು. ಸಾಕು.

ಚಿಲ್ಲರೆ


ಏಪ್ರಿಲ್ 20

ಚಿಲ್ಲರೆಯವರಿಗೆ, ಕ್ಯಾಂಟೀನಿನ ಅತ್ತಿಗೆ ಮಾಡುವ ನಮಸ್ಕಾರ.

ನೀವು ಇವರಿಗೆ ಕಾಗದ ಬರೆಯುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ಮಾರ್ಚಿನ ಕಾಗದವನ್ನು ಇವರು ತಮ್ಮ ಹಳೆಯ ಖಾಕಿ ಅಂಗಿಯ ಜೇಬಿನಲ್ಲಿಟ್ಟು ಮರೆತಿದ್ದರು. ಮರೆತರೋ ಬಚ್ಚಿಟ್ಟರೋ, ನಾನು ಕೇಳಲಿಲ್ಲ. ಒಗೆಯಲು ಹಾಕುವ ಮುನ್ನ ಜೇಬು ನೋಡುವುದು ನನ್ನ ಮೂವತ್ತೆಂಟು ವರ್ಷದ ಅಭ್ಯಾಸ. ಅಂಗಿ ಒಗೆಯುವುದನ್ನೂ ಇವರೇ ಮಾಡುತ್ತಾರೆ ಈಗ. ಆದರೆ ಜೇಬು ನೋಡುವುದು ಇವರಿಗೆ ತಿಳಿಯದು.

ಓದಿ ಅತ್ತೆ. ಬೇಸರದಿಂದಲ್ಲ. ಯಾರೋ ಒಬ್ಬರು ನನ್ನ ಪರವಾಗಿ ಜಗಳವಾಡಿದ್ದಾರಲ್ಲ ಅಂತ.

ಇವರನ್ನು ಬೈಯಬೇಡಿ. ಇವರಷ್ಟು ಪ್ರೀತಿಯಿಂದ ನೋಡಿಕೊಳ್ಳುವವರು ಯಾರಿದ್ದಾರೆ? ತಲೆ ಬಾಚುವಾಗ ಬೈತಲೆ ಸೊಟ್ಟ ಮಾಡುತ್ತಾರೆ, ಆಮೇಲೆ ದೂರ ನಿಂತು "ಚೆನ್ನಾಗಿದೆ" ಅನ್ನುತ್ತಾರೆ. ನಾನು ಕನ್ನಡಿ ನೋಡುವುದನ್ನೇ ಬಿಟ್ಟೆ. ಚಹಾ ಮಾಡುತ್ತಾರೆ, ಅದು ಚಹಾ ಅಂತ ಹೇಳಿದರೆ ಗೊತ್ತಾಗುತ್ತದೆ. ಆದರೆ ಮೂರು ತಿಂಗಳಲ್ಲಿ ನನಗೆ ಒಂದು ಲೋಟ ಎತ್ತುವ ಅಧಿಕಾರವೂ ಉಳಿದಿರಲಿಲ್ಲ. ಮಂಚದ ಮೇಲೆ ಕೂತು ಕ್ಯಾಂಟೀನನ್ನೇ ನೆನೆಯುತ್ತಿದ್ದೆ. ಹೊಗೆ ನನ್ನ ಎದೆ ಸುಟ್ಟಿತು ಅಂತ ಡಾಕ್ಟರು ಹೇಳುತ್ತಾರೆ. ನನಗೆ ನೆನಪಾಗುವುದು ಹೊಗೆಯಲ್ಲ. ಮೊದಲ ಬಸ್ಸು ಹೊರಡುವ ಮುನ್ನ ಕಿಟಕಿಯ ಹೊರಗೆ ನೀವೆಲ್ಲ ಕೈ ಉಜ್ಜಿಕೊಳ್ಳುತ್ತಾ ನಿಂತದ್ದು, ಅತ್ತಿಗೆ ಬೇಗ, ಅತ್ತಿಗೆ ಬೇಗ ಅಂದದ್ದು. ಆಗ ನಾನಿಲ್ಲದಿದ್ದರೆ ಒಂದು ಬಸ್ಸೂ ಹೊರಡುತ್ತಿರಲಿಲ್ಲ ಅನ್ನುವ ಜಂಬ ನನಗಿತ್ತು.

ಹೋದ ಭಾನುವಾರ ಇವರು ಪಂಪು ಹಿಡಿದುಕೊಂಡು ಬಂದರು. ನಾನು ಕೈ ಚಾಚಿದೆ. "ಇಲ್ಲಿ ಕೊಡಿ" ಎಂದೆ.

"ನಿನಗೆ ಆಗಲ್ಲ ಕಣೇ" ಅಂದರು.

"ಆಗಲ್ಲ ಅಂತ ನೀವು ಹೇಗೆ ಹೇಳ್ತೀರಿ? ಒಂದು ಸಲ ಕೊಟ್ಟು ನೋಡಿ."

ಮೊದಲನೆಯ ಸಲ ಗಾಳಿಗೆ ಹೋಯಿತು. ಎರಡನೆಯದು ಸರಿಯಾಯಿತು. ಇವರು ಮುಖ ಊದಿಸಿಕೊಂಡು ಹೊರಗೆ ಹೋಗಿ ಸೈಕಲ್ಲು ತೊಳೆದರು. ತೊಳೆದದ್ದನ್ನೇ ಮೂರು ಸಲ ತೊಳೆದರು.

ಮುಂದೆ ಏನು ಕಲಿಯಬೇಕು, ನನಗೇ ಬರೆಯಿರಿ. ನಿಮ್ಮಿಬ್ಬರ ಜಗಳದಲ್ಲಿ ನಾನು ಅಂದೂ ಬಾಯಿ ಹಾಕಲಿಲ್ಲ, ಇಂದೂ ಹಾಕುವುದಿಲ್ಲ.

ಇಂತಿ,
ನಿಮ್ಮ ಅತ್ತಿಗೆ


ಮೇ 4

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಮಗಳು ಗಟ್ಟಿಯಾಗಿ ಓದಿ ಹೇಳಿದಳು. ಸೈಕಲ್ಲಿನ ಭಾಗಕ್ಕೆ ನಕ್ಕು, ನಕ್ಕದ್ದಕ್ಕೆ ಕೆಮ್ಮಿ, ಅರ್ಧ ಗಂಟೆ ಮೇಜಿಗೆ ಮೊಣಕೈ ಊರಿ ಬಗ್ಗಿ ಕೂತೆ. ಹಾಗೆ ಕೂತರೆ ಉಸಿರು ಬೇಗ ಹತೋಟಿಗೆ ಬರುತ್ತದೆ, ನೀವೂ ಮಾಡಿ ನೋಡಿ.

ಒಂದೇ ದಿನ ಎಲ್ಲ ಬೇಡ. ಮೊದಲ ವಾರ ಬಾಗಿಲಿನಿಂದ ಗೇಟಿನವರೆಗೆ ನಡೆಯಿರಿ. ಗೇಟಿನ ಹತ್ತಿರ ಒಂದು ಕುರ್ಚಿ ಇರಲಿ. ಮುಂದಿನ ವಾರ ಪಕ್ಕದ ಮನೆಯವರೆಗೆ. ಮೆಟ್ಟಿಲು ಹತ್ತುವಾಗ ಉಸಿರು ಬಿಡುತ್ತಾ ಹತ್ತಿ. ಸ್ನಾನ ಕೂತು ಮಾಡಿ, ತರಕಾರಿ ಕೂತು ಹೆಚ್ಚಿ. ಅದು ಸೋಮಾರಿತನವಲ್ಲ. ಇರುವ ಉಸಿರನ್ನು ಬೇಕಾದ ಕಡೆ ಇಟ್ಟುಕೊಳ್ಳುವ ಬುದ್ಧಿ.

ಮುಖ್ಯವಾದದ್ದು ಇದು. ನನ್ನ ಅಡುಗೆಮನೆಯ ಬಾಗಿಲ ಹಿಂದೆ ಮೂರು ಬಣ್ಣದ ಒಂದು ಹಾಳೆ ಅಂಟಿಸಿದೆ. ಹಸಿರೆಂದರೆ ದಿನದಂತೆ ಇದ್ದೇನೆ. ಹಳದಿಯೆಂದರೆ ಕಫ ಜಾಸ್ತಿಯಾಗಿದೆ, ಬಣ್ಣ ಬದಲಾಗಿದೆ, ಎಂದಿಗಿಂತ ಹೆಚ್ಚು ದಮ್ಮು. ಆಗ ಯಾವ ಮಾತ್ರೆ ಶುರು ಮಾಡಬೇಕು, ಯಾರಿಗೆ ಫೋನು ಮಾಡಬೇಕು ಅಂತ ಅಲ್ಲಿದೆ. ಕೆಂಪೆಂದರೆ ತುಟಿ ನೀಲಿಯಾಗಿದೆ, ಒಂದು ವಾಕ್ಯ ಪೂರ್ತಿ ಹೇಳಲಾಗುತ್ತಿಲ್ಲ, ಮಂಪರು. ಆಗ ಯೋಚನೆಯೇ ಇಲ್ಲ, ಆಸ್ಪತ್ರೆ. ನನ್ನ ಹಾಳೆ ನಿಮಗೆ ಆಗುವುದಿಲ್ಲ, ನನ್ನ ಮಾತ್ರೆಯೂ ಆಗುವುದಿಲ್ಲ. ನಿಮ್ಮ ಡಾಕ್ಟರ ಹತ್ತಿರ ಹೋಗಿ ನಿಮ್ಮದನ್ನೇ ಬರೆಸಿಕೊಳ್ಳಿ. ಡಾಕ್ಟರು ಹೇಳುವಾಗ ಬ್ರೇಕು ಕೇಳಿಸಿಕೊಳ್ಳಲಿ, ಆದರೆ ಕೈಯಲ್ಲಿ ಪೆನ್ನು ಹಿಡಿಯುವವರು ನೀವಾಗಿರಿ.

ಕ್ಯಾಂಟೀನಿನ ಬಗ್ಗೆ ನಿಮಗಿದ್ದದ್ದು ಜಂಬವಲ್ಲ ಅತ್ತಿಗೆ. ನೀವಿಲ್ಲದಿದ್ದರೆ ನಿಜವಾಗಿಯೂ ಬಸ್ಸು ಹೊರಡುತ್ತಿರಲಿಲ್ಲ.

ಇಂತಿ ನಿಮ್ಮ,
ಚಿಲ್ಲರೆ


ಆಗಸ್ಟ್ 12

ಚಿಲ್ಲರೆ,

ನೀನೂ ಅವಳೂ ಬರೆದುಕೊಳ್ಳುತ್ತಿದ್ದದ್ದು ನನಗೆ ಮೇ ತಿಂಗಳಲ್ಲೇ ತಿಳಿಯಿತು. ಅಡುಗೆಮನೆಯ ಬಾಗಿಲಿಗೆ ಹಾಳೆ ಅಂಟಿದ ದಿನ. ಗೇಟಿನ ಹತ್ತಿರ ಕುರ್ಚಿ ಇಟ್ಟೆ, ಅಷ್ಟೇ. ಅವಳು ನಡೆಯುವಾಗ ನಾನು ಕಿಟಕಿಯ ಹಿಂದೆ ನಿಂತು ಕಾಲಲ್ಲಿ ಬ್ರೇಕು ತುಳಿಯುತ್ತಿದ್ದೆ. ನಿಜವಾಗಿಯೂ ತುಳಿಯುತ್ತಿದ್ದೆ ಕಣೋ, ಬಲಗಾಲು ನೆಲಕ್ಕೆ ಒತ್ತಿಕೊಂಡಿರುತ್ತಿತ್ತು.

ಜುಲೈ ಕೊನೆಯಲ್ಲಿ ಕಣ್ಣಿನ ಪೊರೆ ತೆಗೆಸಲು ನಾನು ಪಕ್ಕದ ಊರಿಗೆ ಹೋಗಬೇಕಾಯಿತು, ನಾಲ್ಕು ದಿನ. ಅವಳೇ ನನ್ನನ್ನು ಹೊರಡಿಸಿದಳು. ಎರಡನೆಯ ದಿನ ಫೋನಿನಲ್ಲಿ, "ನಾನು ಸ್ವಲ್ಪ ಹಳದಿ" ಎಂದಳು. "ಈಗಲೇ ಹೊರಟು ಬರ್ತೀನಿ" ಎಂದೆ.

"ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದು ಏನು ಮಾಡ್ತೀರಿ? ನನ್ನ ಹತ್ರ ಹಾಳೆ ಇದೆ" ಎಂದಳು.

ಬೆಳಿಗ್ಗೆ ಕಫದ ಬಣ್ಣ ನೋಡಿ, ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆಯನ್ನು ಆಗಲೇ ಶುರು ಮಾಡಿದ್ದಳು. ಆಸ್ಪತ್ರೆಯ ನರ್ಸಿಗೆ ಫೋನು ಮಾಡಿ ಹೇಳಿದ್ದಳು. ಅವರು ಮಾರನೆಯ ಬೆಳಿಗ್ಗೆ ಮತ್ತೆ ಫೋನು ಮಾಡಿ ವಿಚಾರಿಸಿದರು. ಮೂರನೆಯ ದಿನ ಮಧ್ಯಾಹ್ನ ತಲೆ ಬಾಚಲು ಕೈ ಎತ್ತಿದರೆ ಆಗಲಿಲ್ಲವಂತೆ. ಮಾತು ತುಂಡು ತುಂಡಾಗಿ ಬಂತು. ಕನ್ನಡಿಯಲ್ಲಿ ತುಟಿ ನೋಡಿಕೊಂಡಳು. ಆಂಬುಲೆನ್ಸಿಗೆ ಫೋನು ಮಾಡಿದಳು, ಪಂಪು, ಹಾಳೆ, ಒಂದು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡಳು, ಬಾಗಿಲಿಗೆ ಬೀಗ ಹಾಕಿ ಗೇಟಿನ ಕುರ್ಚಿಯಲ್ಲಿ ಬಗ್ಗಿ ಕೂತು ಉಸಿರು ಬಿಡುತ್ತಾ ಕಾದಳು.

ಆಸ್ಪತ್ರೆಯಿಂದ ಫೋನು ಬಂದು ನಾನು ಓಡಿಹೋದಾಗ ಅವಳ ಮೂಗಿಗೆ ಆಮ್ಲಜನಕದ ಕೊಳವೆ ಇತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಒಳ್ಳೇ ಸಮಯಕ್ಕೆ ಬಂದ್ರು. ಹೋದ ಡಿಸೆಂಬರಿನ ಹಾಗೆ ಬಿದ್ದ ಮೇಲೆ ಬಂದಿದ್ರೆ ನಾನು ಬೇರೆ ಮಾತು ಹೇಳಬೇಕಾಗ್ತಿತ್ತು. ಯಾರು ಕರ್ಕೊಂಡು ಬಂದ್ರು?" ಎಂದು ಕೇಳಿದರು.

"ಅವಳೇ ಬಂದಳು" ಎಂದೆ. ಐದು ದಿನಕ್ಕೆ ಮನೆಗೆ ಬಂದಳು.

ಈಗ ನಿನ್ನ ವಿಷಯ. ಹನ್ನೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಬರೆಯುತ್ತೇನೆ. ಆ ಶನಿವಾರ ಬೆಟ್ಟದ ಮೂರನೆಯ ತಿರುವಿನಲ್ಲಿ ನಿನ್ನ ರೈಟ್ ಕೇಳಲಿಲ್ಲ. ಕನ್ನಡಿ ನೋಡಿದೆ. ನೀನು ಮೇಲಿನ ಸರಳಿಗೆ ನೇತುಬಿದ್ದಿದ್ದೆ, ತುಟಿ ನೇರಳೆಹಣ್ಣು ತಿಂದವನ ಹಾಗಿತ್ತು. ಒಂದು ಕ್ಷಣದ ಮೇಲೆ ನೆಟ್ಟಗಾಗಿ ಒಬ್ಬ ಮುದುಕಿಗೆ ಟಿಕೆಟ್ ಹರಿದುಕೊಟ್ಟೆ. ನಾನು ನೋಡಿದ್ದು ನಿನಗೆ ಗೊತ್ತಿಲ್ಲ. ಅವತ್ತು ಡಿಪೋದಲ್ಲಿ ಗಾಡಿ ನಿಲ್ಲಿಸಿ ಡೀಸೆಲ್ ಶೆಡ್ಡಿನ ಹಿಂದೆ ಹೋಗಿ ಅತ್ತೆ. ನೀನು ನನ್ನ ಗಾಡಿಯಲ್ಲಿ, ನನ್ನ ಬೆನ್ನ ಹಿಂದೆ ಸಾಯುತ್ತೀಯ ಅನ್ನಿಸಿತು. ಹಾಗೇ ಮ್ಯಾನೇಜರ ಕೋಣೆಗೆ ಹೋದೆ. ನಿನ್ನ ಹತ್ತಿರ ಬರಲಿಲ್ಲ. ಬಂದಿದ್ದರೆ ನೀನು ನಗಿಸಿ ಕಳಿಸುತ್ತಿದ್ದೆ, ನಾನು ಸೋಲುತ್ತಿದ್ದೆ ಅನ್ನುವ ಹೆದರಿಕೆ.

ಸೋತರೂ ಪರವಾಗಿಲ್ಲ, ನಿನ್ನನ್ನು ಕೇಳಬೇಕಿತ್ತು. ತಪ್ಪಾಯಿತು ಕಣೋ. ಕೇಳಿದ್ದರೆ ಏನು ಹೇಳುತ್ತಿದ್ದೆ? ಈಗಲಾದರೂ ಹೇಳು.

ನಿನ್ನ,
ಬ್ರೇಕು


ಆಗಸ್ಟ್ 30

ಬ್ರೇಕೂ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ದಿನಕ್ಕೆ ಎರಡು ಸಾಲು ಬರೆಯುತ್ತಿದ್ದೇನೆ. ಈಗ ಮನೆಯಲ್ಲೇ ಆಮ್ಲಜನಕದ ಯಂತ್ರ ಇದೆ. ಕೊಳವೆಯ ಉದ್ದ ಎಷ್ಟೋ ನನ್ನ ಊರು ಅಷ್ಟು. ಆದರೂ ಬೆಳಿಗ್ಗೆ ನಲವತ್ತು ಹೆಜ್ಜೆ ತಪ್ಪಿಸುವುದಿಲ್ಲ.

ಕೇಳಿದ್ದರೆ ಮೊದಲು ನಿನ್ನನ್ನು ಬೈಯುತ್ತಿದ್ದೆ. ನನಗೇನಾಗಿದೆ ಅನ್ನುತ್ತಿದ್ದೆ. ಮಾರನೆಯ ದಿನ, ನೀನು ಮಾತಾಡದೆ ಪಕ್ಕದಲ್ಲಿ ಕೂತಿದ್ದರೆ, ನಿಜ ಹೇಳುತ್ತಿದ್ದೆ. ಮೂರು ತಿಂಗಳಿಂದ ಬಚ್ಚಿಡುತ್ತಿದ್ದೇನೆ, ರಾತ್ರಿ ಮಲಗಿದರೆ ಮುಳುಗಿದಂತಾಗುತ್ತದೆ, ಎದ್ದು ಕೂತೇ ಬೆಳಗು ಮಾಡುತ್ತೇನೆ ಅಂತ. ಆಮೇಲೆ ಒಂದು ವಾರ ಕೊಡು ಅನ್ನುತ್ತಿದ್ದೆ. ಒಂದೇ ವಾರ. ಆ ಮೇಡಮ್ಮಿಗೆ, ಆ ಪುಟ್ಟಿಗೆ, ದಿನಾ ಕಂಡಕ್ಟರಿಗೆ ಅಂತ ಹೇಳಿ ಕಿಟಕಿ ಪಕ್ಕದ ಸೀಟು ಹಿಡಿದು ಆಮೇಲೆ ತಾನೇ ಕೂರುತ್ತಿದ್ದ ಕೋರ್ಟಿನ ಗುಮಾಸ್ತನಿಗೆ, ನಾನು ಇಳಿಯುತ್ತಿದ್ದೇನೆ ಅಂತ ನನ್ನ ಬಾಯಿಂದಲೇ ಹೇಳಬೇಕಿತ್ತು. ಹತ್ತೊಂಬತ್ತು ವರ್ಷ ಎಲ್ಲರ ಸ್ಟಾಪನ್ನೂ ನಾನೇ ಕೂಗಿದೆ. ನನ್ನದನ್ನು ಕೂಗಲು ಆಗಲಿಲ್ಲ. ನನಗಿದ್ದ ನೋವು ಅಷ್ಟೇ.

ನೀನು ಮ್ಯಾನೇಜರಿಗೆ ಹೇಳದಿದ್ದರೆ ನಾನು ಆ ಚಳಿಗಾಲ ದಾಟುತ್ತಿರಲಿಲ್ಲ. ಇದು ನನಗೆ ನರ್ಸಮ್ಮನ ತರಗತಿಯ ಮೊದಲ ವಾರವೇ ಗೊತ್ತಾಗಿತ್ತು. ಗೊತ್ತಾದ ಮೇಲೂ ಹತ್ತು ವರ್ಷ ಕಾಗದ ಬರೆಯಲಿಲ್ಲ. ನಿನ್ನ ತಪ್ಪು ಒಂದು ದಿನದ್ದು, ನನ್ನದು ಹತ್ತು ವರ್ಷದ್ದು.

ನಾನು ಅಲ್ಲಿಗೆ ಬರಲಾರೆ. ನೀವು ಬರುತ್ತೀರಾ? ದಾರಿ ಮೂರು ಗಂಟೆಯದ್ದು. ಅತ್ತಿಗೆಗೆ ಆಗುತ್ತದೆಯೋ ಇಲ್ಲವೋ, ಅವರನ್ನೇ ಕೇಳು.

ನಿನ್ನ,
ಚಿಲ್ಲರೆ


ಸೆಪ್ಟೆಂಬರ್ 8

ಚಿಲ್ಲರೆ,

ಕೇಳಿದೆ.

"ಭಾನುವಾರ ಹೋಗೋಣ, ಟ್ಯಾಕ್ಸಿ ಹೇಳ್ತೀನಿ, ನೀನು ಹಿಂದೆ ಮಲಗಿಕೊಂಡೇ ಬರಬಹುದು" ಎಂದೆ.

"ಮಂಗಳವಾರ ಹೋಗೋಣ, ಬಸ್ಸಿನಲ್ಲಿ. ಭಾನುವಾರ ಜನ ಜಾಸ್ತಿ, ಕಿಟಕಿ ಸೀಟು ಸಿಗಲ್ಲ. ಡಾಕ್ಟರನ್ನ ಕೇಳಿದ್ದೀನಿ, ಹೋಗಿ ಅಂದ್ರು" ಎಂದಳು.

ಮಂಗಳವಾರ ಬರುತ್ತೇವೆ.

ನಿನ್ನ,
ಬ್ರೇಕು